ಬೀದರ್ ಲೋಕಸಭೆಯ ಹಳೇ ಫಲಿತಾಂಶ ಬೇಕಾ? ಚುನಾವಣಾ ಆಯೋಗದ ವರದಿ ನೋಡಿ

ಬೀದರ್ ಸಂಸದರಾಗಿದ್ದ ರಾಮಚಂದ್ರ ವೀರಪ್ಪ ಮೊದಲಿಂದಲೂ ಬಿಜೆಪಿ ಅಂತ ನಮ್ಮ ಕಾಕಾ ಹಟ ಹಿಡಿದಿದ್ದರು. ಅದಕ್ಕೇ ಚುನಾವಣಾ ಆಯೋಗದ ವೆಬ್‌ಸೈಟಿನಿಂದ ಲೋಕಸಭೆ ಚುನಾವಣೆಗಳ ಅಂಕಿಅಂಶ ವರದಿಗಳನ್ನು ಇಳಿಸಿಕೊಂಡೆ. ಪೂರ್ತಿ ಉಚಿತ. ಯಾರು ನಿಂತರು, ಯಾರಿಗೆ ಎಷ್ಟು ಮತ ಬಿತ್ತು, ಎಲ್ಲ ಇದೆ.

1962, 1967ರಲ್ಲಿ ಅವರು ಗೆದ್ದದ್ದು ಕಾಂಗ್ರೆಸ್‌ನಿಂದ! ಆಮೇಲೆ 1991ರಿಂದ 2004ರವರೆಗೆ ಬಿಜೆಪಿಯಿಂದ ಸತತ ಐದು ಸಲ. ಕಾಕಾಗೆ ತೋರಿಸಿದೆ, ಬಹಳ ಹೊತ್ತು ಹಾಳೆ ನೋಡುತ್ತಾ ಕೂತರು.

ಎರಡು ವಿಷಯ ನೆನಪಿಡಿ. 1951ರ ವರದಿಯಲ್ಲಿ ಬೀದರ್ ಸಿಗುವುದು ಹೈದರಾಬಾದ್ ರಾಜ್ಯದ ಕೆಳಗೆ, ಸುಮ್ನೆ ಮೈಸೂರಿನ ಪಟ್ಟಿಯಲ್ಲಿ ಹುಡುಕಬೇಡಿ. ಇನ್ನೊಂದು, ಉಪಚುನಾವಣೆ ಇದರಲ್ಲಿ ಬರುವುದಿಲ್ಲ. 2004ರಲ್ಲಿ ವೀರಪ್ಪನವರು ತೀರಿಕೊಂಡ ಮೇಲೆ ನರಸಿಂಗರಾವ್ ಸೂರ್ಯವಂಶಿ ಗೆದ್ದದ್ದನ್ನು ಬೇರೆ ಕಡೆ ನೋಡಬೇಕು.

2009ರಿಂದ ಬೀದರ್‌ಗಿದ್ದ ಪರಿಶಿಷ್ಟ ಜಾತಿ ಮೀಸಲು ಹೋಗಿ ಸಾಮಾನ್ಯ ಕ್ಷೇತ್ರವಾಯಿತು, ಧರಂ ಸಿಂಗ್ ಗೆದ್ದರು. ಕಲಬುರಗಿ ಜಿಲ್ಲೆಯ ಆಳಂದ, ಚಿಂಚೋಳಿಯೂ ಇದರಲ್ಲೇ ಇವೆ, ಹಾಗಾಗಿ ಆ ಕಡೆಯವರಿಗೂ ಉಪಯೋಗ. 2019ರಲ್ಲಿ ಈಶ್ವರ ಖಂಡ್ರೆ ಭಗವಂತ ಖೂಬಾ ಎದುರು ಸೋತರು, 2024ರಲ್ಲಿ ಅದೇ ಖೂಬಾರನ್ನು ಮಗ ಸಾಗರ್ ಖಂಡ್ರೆ ಸೋಲಿಸಿದರು, ಎರಡೂ ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ಓದಿ, ಮಜಾ ಇದೆ.

ಅಂಗಡಿಯೊಂದರಲ್ಲಿ ಪ್ರಿಂಟ್ ಹಾಕಿಸಿದೆ, ಬಲಗಡೆಯ ಮತದ ಕಾಲಂ ಕತ್ತರಿಸಿ ಹೋಗಿತ್ತು. ಅಡ್ಡ ಹಾಳೆಯಲ್ಲಿ ತೆಗೆಸಿ. ಇದೆಲ್ಲ ಕನ್ನಡದಲ್ಲೂ ಬಂದರೆ ಕಾಕಾ ತಾವೇ ಓದುತ್ತಿದ್ದರು. ಐದಕ್ಕೆ ನಾಲ್ಕು ಸ್ಟಾರ್.