ಚಿರೆಕಲ್ಲು ಗೋಡೆಯ ಮನೆಗೆ ಯಾವ ರೂಟರ್? ಒಂದೊಂದಾಗಿ ಹಾಕಿ ನೋಡಿದೆ

ಶಿರಸಿ ಕಡೆಯ ನಮ್ಮ ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಜಗುಲಿಯಲ್ಲಿ ಕೂತರೆ ಅಷ್ಟೂ ಸಿಗುತ್ತದೆ. ಅಡುಗೆಮನೆಗೆ ಹೋದರೆ ಆಯಿಯ ವಿಡಿಯೋ ಕಾಲ್ ನಿಂತು ನಿಂತು ಬರುತ್ತದೆ. ನಾನು ಕೆಲಸ ಮಾಡುವುದು ಮೆತ್ತಿನ ಮೇಲೆ, ಹಿಂದಿನ ತುದಿಯ ಕೋಣೆಯಲ್ಲಿ. ಅಲ್ಲಿ ಮೀಟಿಂಗ್ ನಡುವೆ ನನ್ನ ಮಾತೇ ಯಾರಿಗೂ ಕೇಳುತ್ತಿರಲಿಲ್ಲ. ನಮ್ಮದು ಹಳೇ ಮನೆ. ಗೋಡೆ ಒಂದೂವರೆ ಅಡಿ ದಪ್ಪದ ಚಿರೆಕಲ್ಲು. ಜಗುಲಿಯಿಂದ ನನ್ನ ಕೋಣೆಗೆ ಅಂಥ ಮೂರು ಗೋಡೆ ಅಡ್ಡ ಬರುತ್ತವೆ.

ಹಾಗಾಗಿ ಈ ಮಳೆಗಾಲದಲ್ಲಿ ಕೆಲವನ್ನು ಕೊಂಡು, ಕೆಲವನ್ನು ನೆಂಟರಿಂದ ಎರವಲು ತಂದು, ಒಂದೊಂದನ್ನೂ ಕೆಲವು ದಿನ ಬಳಸಿದೆ. ಮಾಡೆಲ್ ಹೆಸರು ಹೇಳುವುದಿಲ್ಲ. ಅವು ಬದಲಾಗುತ್ತಲೇ ಇರುತ್ತವೆ, ಬಗೆ ಮಾತ್ರ ಇವೇ.

ಅಳೆಯುವ ರೀತಿ ಮೊದಲು ಹೇಳಬೇಕು. ಬರೀ ಸ್ಪೀಡ್ ಟೆಸ್ಟ್ ನಂಬಬೇಡಿ. ಹೊರಗಿನ ಲೈನ್ ನಿಧಾನವೋ, ಮನೆಯೊಳಗಿನ ವೈಫೈ ನಿಧಾನವೋ ಅದರಲ್ಲಿ ತಿಳಿಯುವುದಿಲ್ಲ. ಲ್ಯಾಪ್‌ಟಾಪ್‌ನಿಂದ ರೂಟರ್‌ನ ವಿಳಾಸಕ್ಕೇ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೋಡಿ. ನಮ್ಮಲ್ಲಿ ಆ ವಿಳಾಸ 192.168.1.1. ಜಗುಲಿಯಲ್ಲಿ 2–3 ಮಿಲಿಸೆಕೆಂಡಿಗೆ ಉತ್ತರ ಬರುತ್ತಿತ್ತು. ಮೆತ್ತಿನ ಮೇಲೆ ಒಮ್ಮೆ 8, ಒಮ್ಮೆ 300, ಒಮ್ಮೆ ಉತ್ತರವೇ ಇಲ್ಲ. ಅಂದರೆ ತೊಂದರೆ ಮನೆಯೊಳಗೇ ಇತ್ತು. ಜಗುಲಿ, ಅಡುಗೆಮನೆ, ಮೆತ್ತು ಈ ಮೂರು ಜಾಗದಲ್ಲಿ, ಬೆಳಿಗ್ಗೆ ಒಮ್ಮೆ, ರಾತ್ರಿ 8ಕ್ಕೆ ಒಮ್ಮೆ, ಅದೇ ಲ್ಯಾಪ್‌ಟಾಪ್ ಇಟ್ಟು ಬರೆದುಕೊಂಡೆ.

ಮೊದಲು ಖರ್ಚಿಲ್ಲದ ದಾರಿ. ಲೈನ್ ಜೊತೆ ಬಂದ ರೂಟರ್ ಜಗುಲಿ ಮೂಲೆಯಲ್ಲಿ, ಟಿವಿ ಹಿಂದೆ, ನೆಲದ ಮೇಲೆ ಕೂತಿತ್ತು. ಅದನ್ನು ನಡುಮನೆಯ ಗೋಡೆಗೆ, ಆಳೆತ್ತರದಲ್ಲಿ ಹಾಕಿಸಿದೆ. ಅಡುಗೆಮನೆಯಲ್ಲಿ ವೇಗ 7 ಎಂಬಿಪಿಎಸ್ ಇದ್ದದ್ದು 30ರ ಹತ್ತಿರ ಬಂತು. ಮೆತ್ತಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಆದರೂ ಹೊಸದು ಕೊಳ್ಳುವ ಮೊದಲು ಇದನ್ನು ಮಾಡಲೇಬೇಕು. ಎಷ್ಟೋ ಮನೆಗೆ ಇಷ್ಟೇ ಸಾಕಾಗುತ್ತದೆ.

ಆಮೇಲೆ ದೊಡ್ಡಪ್ಪನ ಮಗನಿಂದ ನಾಲ್ಕು ಆಂಟೆನಾದ ವೈಫೈ 6 ರೂಟರ್ ತಂದೆ. ಬೆಲೆ ಸುಮಾರು 4,000. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ನಡುಮನೆಯಲ್ಲಿ ಬಹಳ ಚೆನ್ನಾಗಿ ಓಡಿತು, ಅಡುಗೆಮನೆಯಲ್ಲಿ 45 ಬಂತು. ಮೆತ್ತಿನ ಮೇಲೆ ಫೋನು ಮೂರು ಗೆರೆ ತೋರಿಸಿತು, ಆದರೆ ಕೆಲಸ ಆಗಲಿಲ್ಲ. ಏಕೆ ಅಂತ ಯೋಚಿಸಿದರೆ ಸರಳ. ತೋಟದ ಈ ತುದಿಯಿಂದ ನಾವು ಜೋರಾಗಿ ಕೂ ಹಾಕುತ್ತೇವೆ, ಆ ತುದಿಯವರಿಗೆ ಕೇಳುತ್ತದೆ. ಅವರು ಮೆಲ್ಲಗೆ ಓ ಅಂದರೆ ನಮಗೆ ಕೇಳಬೇಡವೇ? ರೂಟರ್ ಎಷ್ಟು ದೊಡ್ಡ ದನಿಯದ್ದಾದರೂ ಫೋನಿನ ದನಿ ಸಣ್ಣದೇ. ಅದು ಗೋಡೆ ದಾಟಿ ವಾಪಸ್ ಬರಬೇಕು. ಫೋನಿನ ಗೆರೆಗಳು ಹೇಳುವುದು ರೂಟರ್ ದನಿ ಅದಕ್ಕೆ ಎಷ್ಟು ಕೇಳುತ್ತಿದೆ ಅನ್ನೋದನ್ನು ಮಾತ್ರ. ಅದರಲ್ಲೂ ಈ ರೂಟರ್ ಬಳಸುವ ಎರಡು ಅಲೆಗಳಲ್ಲಿ 5 ಗಿಗಾಹರ್ಟ್ಜ್‌ನದ್ದು ಗೋಡೆಯಲ್ಲಿ ಬೇಗ ಸೋಲುತ್ತದೆ. 2.4 ಸ್ವಲ್ಪ ಹೆಚ್ಚು ದೂರ ಹೋಗುತ್ತದೆ, ವೇಗ ಕಡಿಮೆ. ಚಿರೆಕಲ್ಲು ಮಳೆಗಾಲದಲ್ಲಿ ನೀರು ಹೀರುತ್ತದೆ, ನೀರು ಈ ಅಲೆಗಳನ್ನು ನುಂಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆದ ವೈಫೈ ಆಷಾಢದಲ್ಲಿ ಕೈಕೊಟ್ಟರೆ ರೂಟರ್ ಹಾಳಾಯಿತು ಅಂದುಕೊಳ್ಳಬೇಡಿ.

ಪೇಟೆಯ ಅಂಗಡಿಯಲ್ಲಿ ಕೊಂಡ ಎಕ್ಸ್‌ಟೆಂಡರ್‌ಗೆ 1,500 ಕೊಟ್ಟೆ. ರೂಟರ್‌ನ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ ಅದು, ಗೋಡೆಯ ಪ್ಲಗ್ಗಿಗೇ ಸಿಕ್ಕಿಸುವಂಥದ್ದು. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು, ಅದನ್ನೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕರ್ಧ ಇಳಿಯಿತು. ಮೆತ್ತಿನಲ್ಲಿ 12 ಬಂತು. ಯೂಟ್ಯೂಬಿಗೆ ಸಾಕಾಯಿತು, ಮೀಟಿಂಗ್ ಮಾತ್ರ ಸರಿಯಾಗಿ ನಡೆಯಲಿಲ್ಲ. ನಾಲ್ಕನೇ ದಿನ ತೆಗೆದೆ.

ಮೆಶ್ ಅನ್ನು ಬೆಂಗಳೂರಿನ ಭಾವ ಕಳಿಸಿಕೊಟ್ಟರು, ಒಂದೇ ವೈಫೈ ಆಗಿ ಜೊತೆಯಲ್ಲಿ ಕೆಲಸ ಮಾಡುವ ಎರಡು ಡಬ್ಬಿಯ ಸೆಟ್, ಸುಮಾರು 8,000ದ್ದು. ಒಂದು ನಡುಮನೆಯಲ್ಲಿ, ಇನ್ನೊಂದು ಮೆತ್ತಿನ ಮೆಟ್ಟಿಲ ಹತ್ತಿರ. ಇದು ನಿಜಕ್ಕೂ ಒಳ್ಳೆಯ ವಸ್ತು. ಸೆಟ್ ಮಾಡುವುದು ಸುಲಭ. ಫೋನು ಹಿಡಿದು ಮನೆಯೆಲ್ಲ ತಿರುಗಿದರೂ ಕಾಲ್ ಕಡಿಯಲಿಲ್ಲ. ಮೆತ್ತಿನಲ್ಲಿ 35 ಬಂತು. ಆದರೆ ಪಿಂಗ್ ಇನ್ನೂ ಏರಿಳಿಯುತ್ತಿತ್ತು, ಏಕೆಂದರೆ ಆ ಎರಡು ಡಬ್ಬಿಗಳ ನಡುವಿನ ಮಾತುಕತೆಯೂ ಅದೇ ಗೋಡೆ ದಾಟಬೇಕಲ್ವಾ! ಅದೇ ಸೆಟ್ ಭಾವನ ಫ್ಲಾಟಿನಲ್ಲಿ ಒಂದು ಕೊರತೆಯೂ ಇಲ್ಲದೆ ನಡೆಯುತ್ತದೆ. ಅಲ್ಲಿ ಗೋಡೆ ತೆಳು.

ಕೊನೆಗೆ ಕೇಬಲ್. ಮೂವತ್ತು ಮೀಟರ್ ಕ್ಯಾಟ್ 6 ಕೇಬಲ್ (ನೆಟ್‌ವರ್ಕ್ ತಂತಿ) ತಂದು, ನಡುಮನೆಯಿಂದ ಮಾಡಿನ ಅಡಿಯಲ್ಲೇ ಮೆತ್ತಿನವರೆಗೆ ಎಳೆದೆ. ಪೈಪೂ ಸೇರಿ ಸುಮಾರು 1,200 ಆಯಿತು. ಆ ತುದಿಗೆ, ಅಟ್ಟದಲ್ಲಿ ಸುಮ್ನೆ ಬಿದ್ದಿದ್ದ ಹಳೇ ರೂಟರ್ ಹಚ್ಚಿದೆ. ಮಾಡಬೇಕಾದ ಕೆಲಸ ಇಷ್ಟೇ: ಹಳೇ ರೂಟರ್‌ನ ವಿಳಾಸವನ್ನು 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಬೇಕು. ಡಿಎಚ್‌ಸಿಪಿ ಅಂದರೆ ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ, ಅದನ್ನು ಮನೆಗೆ ಒಂದೇ ರೂಟರ್ ಮಾಡಬೇಕು. ಕೇಬಲನ್ನು ಹಳೇ ರೂಟರ್‌ನ ವ್ಯಾನ್ ಪೋರ್ಟಿಗಲ್ಲ (ಹೊರಗಿನ ಲೈನಿನದ್ದು), ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳದ್ದು) ಹಾಕಿ. ಎರಡೂ ರೂಟರ್‌ಗಳಲ್ಲಿ ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್ ಇರಲಿ. 2.4ರಲ್ಲಿ ಚಾನೆಲ್ (ಆ ಅಲೆಯೊಳಗಿನ ದಾರಿ) ಬೇರೆ ಬೇರೆ ಇಡಬೇಕು. ನಾನು ಕೆಳಗೆ 1, ಮೇಲೆ 11 ಇಟ್ಟೆ.

ಮೆತ್ತಿನಲ್ಲಿ 92 ಬಂತು. ಹಳೇ ರೂಟರ್‌ನ ಪೋರ್ಟೇ 100 ಎಂಬಿಪಿಎಸ್‌ನದ್ದು, ಅದರಲ್ಲಿ ಇದಕ್ಕಿಂತ ಜಾಸ್ತಿ ನಿರೀಕ್ಷಿಸುವಂತಿಲ್ಲ. ಪಿಂಗ್ ಇಡೀ ದಿನ 3–4. ಮಳೆ ಧೋ ಎಂದು ಸುರಿಯುವಾಗಲೂ ಅಷ್ಟೇ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಇದರಲ್ಲೂ ಒಂದು ಕೊರತೆ ಇದೆ. ಕೆಳಗಿಂದ ಮೇಲೆ ಬಂದರೆ ಫೋನು ಕೆಳಗಿನ ರೂಟರನ್ನೇ ಹಿಡಿದುಕೊಂಡಿರುತ್ತದೆ. ಒಮ್ಮೆ ವೈಫೈ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಮೆಶ್ ಗೆಲ್ಲುವುದು ಇಲ್ಲೇ. ಭಾವನ ಸೆಟ್ ವಾಪಸ್ ಕಳಿಸುವ ಮೊದಲು ಅದಕ್ಕೂ ಇದೇ ಕೇಬಲ್ ಕೊಟ್ಟು ನೋಡಿದೆ. ವೇಗವೂ ಪೂರ್ತಿ, ತಿರುಗಾಡಿದರೂ ತೊಂದರೆ ಇಲ್ಲ. ದುಡ್ಡಿದ್ದರೆ ಅದೇ ಎಲ್ಲಕ್ಕಿಂತ ಮೇಲು. ನನ್ನ ಕೆಲಸ ಒಂದೇ ಕಡೆ ಕೂತು ಮಾಡುವಂಥದ್ದು. ಹಾಗಾಗಿ ಹಳೇ ರೂಟರ್ ಉಳಿಸಿಕೊಂಡೆ.

ಫ್ಲಾಟಿನಲ್ಲಿರುವವರಿಗೆ ನನ್ನ ಮಾತು ಬೇರೆ. ನಿಮ್ಮ ಕಷ್ಟ ಗೋಡೆಯಲ್ಲ, ಅಕ್ಕಪಕ್ಕದ ಮನೆಗಳ ವೈಫೈ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು 1, 6, 11 ಮೂರೇ. ಅದರಲ್ಲಿ ಇಡೀ ಕಟ್ಟಡವೇ ಮಾತಾಡುತ್ತಿರುತ್ತದೆ. ನಡುಕೋಣೆಯಲ್ಲಿ ಒಂದು ಒಳ್ಳೆಯ ವೈಫೈ 6 ರೂಟರ್ ಇಟ್ಟು 5 ಗಿಗಾಹರ್ಟ್ಜ್ ಬಳಸಿ. ಗಿಗಾಬಿಟ್ ಪೋರ್ಟ್ (1,000 ಎಂಬಿಪಿಎಸ್‌ನದ್ದು) ಇದೆಯೇ ಅಂತ ಮಾತ್ರ ಕೇಳಿ ಕೊಳ್ಳಿ.

ಕೇಬಲ್ ಎಳೆಯುವವರು ಶುದ್ಧ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬೇಗ ತುಂಡಾಗುತ್ತದೆ. ಪಿವಿಸಿ ಪೈಪಿನೊಳಗೆ ಹಾಕಿ, ಇಲ್ಲದಿದ್ದರೆ ಇಲಿ ಬಿಡುವುದಿಲ್ಲ. ಅಂಗಳದ ಮೇಲೆ ತೆರೆದು ಎಳೆಯಬೇಡಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ. ತಾಮ್ರದಲ್ಲಿ ಹರಿಯುತ್ತದೆ, ಮನೆಯ ವಿದ್ಯುತ್ ತಂತಿಯಲ್ಲೂ ಹರಿಯುತ್ತದೆ. ಸಿಡಿಲು ಮಳೆಯ ಲಕ್ಷಣ ಕಂಡ ಕೂಡಲೇ, ಗುಡುಗು ಕೇಳುವ ಮೊದಲೇ ನಾನು ಎರಡೂ ರೂಟರ್‌ಗಳ ಅಡಾಪ್ಟರ್ ಕಿತ್ತು, ಕೇಬಲ್‌ನ ಎರಡೂ ತುದಿ ಬಿಚ್ಚಿಡುತ್ತೇನೆ.