ಎರಡು ಸಾವಿರದೊಳಗೆ ನಾಲ್ಕು ಇಯರ್‌ಫೋನ್, ಒಂದೇ ಚಂಡೆ

ಹಳೆಯ ಇಯರ್‌ಫೋನಿನ ಎಡಗಿವಿ ಸತ್ತು ಎರಡು ತಿಂಗಳಾಗಿತ್ತು. ಪೂರ್ತಿ ಸತ್ತಿರಲಿಲ್ಲ. ಜಾಕ್ ಹತ್ತಿರ ವೈರನ್ನು ಸ್ವಲ್ಪ ಬಗ್ಗಿಸಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಕೇಳುತ್ತಿತ್ತು. ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈ ಜಾಕಿಗೆ. ಒಂದು ದಿನ ಮೆಜೆಸ್ಟಿಕ್‌ನಿಂದ ಬನಶಂಕರಿವರೆಗೆ ಹಾಗೇ ನಿಂತು ಹೋದ ಮೇಲೆ ಸಾಕಪ್ಪಾ ಅನಿಸಿತು.

ಹೊಸದು ತಗೊಳ್ಳುವಾಗ ನನ್ನ ಷರತ್ತು ಎರಡೇ. ಬೆಲೆ ಎರಡು ಸಾವಿರ ರೂಪಾಯಿ ದಾಟಬಾರದು. ವೈರ್ ಬಿಚ್ಚಿ ಬೇರೆ ಹಾಕುವಂತಿರಬೇಕು. ಬ್ಲೂಟೂತ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಚಾರ್ಜ್ ಮಾಡುವ ವಸ್ತುಗಳು ಮನೆಯಲ್ಲಿ ಈಗಾಗಲೇ ಜಾಸ್ತಿ. ಅದೇ ದುಡ್ಡಿಗೆ ವೈರಿನ ಇಯರ್‌ಫೋನ್ ಕೊಡುವ ಶಬ್ದವೂ ಬೇರೆ ಮಟ್ಟದ್ದು.

ಈ ಬೆಲೆಯಲ್ಲಿ ಈಗ ಚೀನಾದ ಸಣ್ಣ ಕಂಪನಿಗಳದ್ದೇ ಕಾರುಬಾರು. ಕೊನೆಗೆ ನನ್ನ ಮೇಜಿನ ಮೇಲೆ ನಾಲ್ಕು ಬಂದು ಕೂತವು. ಸೆವೆನ್‌ ಹರ್ಟ್ಜ್‌ನ ಸಾಲ್ನೋಟ್ಸ್ ಝೀರೋ ನಾನು ದುಡ್ಡು ಕೊಟ್ಟು ತಂದಿದ್ದು. ಮೂನ್‌ಡ್ರಾಪ್ ಚು 2 ಆಫೀಸಿನ ಗೆಳೆಯನದ್ದು. ಕೆಝಡ್ ಝಡ್‌ಎಸ್‌ಎನ್ ಪ್ರೊ ಎಕ್ಸ್ ಚಿಕ್ಕಪ್ಪನ ಮಗನದ್ದು, ಹದಿನೈದು ದಿನಕ್ಕೆ ಅಂತ ಕೇಳಿ ತಂದೆ. ನಾಲ್ಕನೆಯದು ಟಾಂಗ್ಝು ವಾನರ್. ಅದು ಹೇಗೆ ಬಂತು ಅಂತ ಮುಂದೆ ಹೇಳ್ತೀನಿ.

ಝೀರೋವನ್ನೇ ಮೊದಲು ತಂದಿದ್ದು ಅದರ ಗ್ರಾಫ್ ನೋಡಿ ಮರುಳಾಗಿ. ಈ ಹವ್ಯಾಸದವರು ಪ್ರತಿ ಇಯರ್‌ಫೋನನ್ನೂ ಅಳೆದು ಗೆರೆ ಎಳೆಯುತ್ತಾರೆ, ಯಾವ ಸ್ವರ ಎಷ್ಟು ಜೋರು ಅಂತ. ಆ ಗೆರೆಯನ್ನು ಹರ್ಮನ್ ಗೆರೆಯ ಪಕ್ಕ ಇಟ್ಟು ನೋಡುತ್ತಾರೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಅವರ ಜೊತೆಯವರು ನೂರಾರು ಜನರನ್ನು ಕೂರಿಸಿ, ಯಾವ ಶಬ್ದ ಹಿತ ಅಂತ ಕೇಳಿ ಮಾಡಿದ ಗೆರೆ ಅದು. ಅದು ಹೆಚ್ಚಿನವರಿಗೆ ಹಿಡಿಸಿತು, ಎಲ್ಲರಿಗೂ ಅಲ್ಲ. ಕೆಲವರಿಗೆ ಬೇಸ್ ಇನ್ನೂ ಬೇಕಿತ್ತು, ಕೆಲವರಿಗೆ ಅಷ್ಟೂ ಬೇಡವಾಗಿತ್ತು. ಝೀರೋದ ಗೆರೆ ಹರ್ಮನ್ ಗೆರೆಗೆ ಹತ್ತಿರ ಇತ್ತು, ನಾನು ಯಾವ ಗುಂಪು ಅಂತ ನೋಡದೆ ಆರ್ಡರ್ ಮಾಡಿಬಿಟ್ಟೆ.

ಅದನ್ನು ಪುಕ್ಕಟೆಯಾಗಿ ತಿಳಿಯುವ ದಾರಿ ಕೈಯಲ್ಲೇ ಇತ್ತು. ಫೋನಿನ ಈಕ್ವಲೈಜರ್, ಅಂದರೆ ಕೆಳಗಿನ, ನಡುವಿನ, ಮೇಲಿನ ಸ್ವರಗಳ ಜೋರನ್ನು ಬೇರೆಬೇರೆಯಾಗಿ ಬದಲಿಸುವ ಸೌಲಭ್ಯ. ಈಗಿರುವ ಇಯರ್‌ಫೋನ್ ಹಾಕಿ ಒಂದು ವಾರ ಅದರ ಗುಂಡಿಗಳನ್ನು ಬೇಕಾದ ಹಾಗೆ ಏರಿಸಿ ಇಳಿಸಿ. ನಿಮ್ಮ ಬೆರಳು ಪದೇ ಪದೇ ಎಲ್ಲಿಗೆ ಹೋಗುತ್ತೆ ನೋಡಿ. ನಾನು ಹಳೆಯದರಲ್ಲಿ 8 ಸಾವಿರ ಹರ್ಟ್ಜ್‌ನ, ಅಂದರೆ ಚೂಪು ಸ್ವರಗಳ, ಗುಂಡಿಯನ್ನು ಯಾವಾಗಲೂ ಎರಡು ಗೆರೆ ಇಳಿಸಿರುತ್ತಿದ್ದೆ, ಬೇಸ್ ಇರುವ 150ರ ಹತ್ತಿರ ಒಂಚೂರು ಏರಿಸಿರುತ್ತಿದ್ದೆ. ಅಂದರೆ ಬೆಚ್ಚಗಿನ ಶಬ್ದ ಬೇಕಿದ್ದವನು ನಾನು. ಇದು ಹೊಳೆದಿದ್ದು ಮಾತ್ರ ದುಡ್ಡು ಕೊಟ್ಟ ಮೇಲೆ.

ಪರೀಕ್ಷೆಗೆ ನಾನು ಇಟ್ಟುಕೊಂಡಿದ್ದು ನಾನು ನಿಜವಾಗಿ ಕೇಳುವುದನ್ನೇ. ಜಾಲತಾಣದ ವಿಮರ್ಶಕರು ಹೇಳುವ ಜಾಝ್ ಹಾಡು ನನಗೆ ಗೊತ್ತಿಲ್ಲ, ಅದು ಹೇಗಿರಬೇಕು ಅನ್ನೋದೂ ಗೊತ್ತಿಲ್ಲ. ನಾನು ಹೊನ್ನಾವರದ ಕಡೆಯವನು. ಚಂಡೆ ಹೇಗಿರುತ್ತೆ, ಮದ್ದಳೆ ಹೇಗಿರುತ್ತೆ ಅಂತ ಚಿಕ್ಕಂದಿನಿಂದ ರಂಗಸ್ಥಳದ ಪಕ್ಕ ಚಾಪೆ ಹಾಕಿ ಕೂತು ಗೊತ್ತು. ಹಾಗಾಗಿ ಒಂದು ಬಡಗುತಿಟ್ಟಿನ ಯಕ್ಷಗಾನದ ರೆಕಾರ್ಡಿಂಗ್. ಆಮೇಲೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್, ಮಲ್ಲಿಕಾರ್ಜುನ ಮನ್ಸೂರರ ಒಂದು ಹಳೆಯ ಧ್ವನಿಮುದ್ರಣ, ಮತ್ತೆ ಈಗಿನ ಸಿನಿಮಾ ಹಾಡುಗಳು ಒಂದಷ್ಟು.

ಹೋಲಿಸುವ ಮೊದಲು ಜೋರು ಸಮ ಮಾಡಿಕೊಳ್ಳಬೇಕು. ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತೆ, ಮೋಸ ಗೊತ್ತೇ ಆಗಲ್ಲ. ಚು 2ಗೆ ನನ್ನ ಫೋನಿನಲ್ಲಿ ಏಳನೇ ಮೆಟ್ಟಿಲು ಸಾಕಾದರೆ ಝೀರೋಗೆ ಒಂಬತ್ತು ಬೇಕಾಯ್ತು. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಇನ್ನು ಟಿಪ್. ಕಿವಿಯೊಳಗೆ ಹೋಗುವ ಆ ಸಿಲಿಕಾನ್ ಟೋಪಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕಂದ್ರೆ ನಾನು ಮೊದಲ ಮೂರು ದಿನ ಇಯರ್‌ಫೋನೇ ಕೆಟ್ಟದ್ದು ಅಂದುಕೊಂಡಿದ್ದೆ, ತಪ್ಪು ಇದ್ದಿದ್ದು ಈ ಟೋಪಿಯದ್ದು. ಝೀರೋ ಹಾಕಿದೆ, ಬೇಸ್ ಇಲ್ಲವೇ ಇಲ್ಲ. ಮದ್ದಳೆ ಅಂದರೆ ಟಿನ್ ಡಬ್ಬಿ. ಬೇಜಾರಾಗಿ ತೆಗೆಯುವಾಗ ಎಡಗಿವಿಯದ್ದನ್ನು ಬೆರಳಲ್ಲಿ ಸ್ವಲ್ಪ ಒಳಗೆ ಒತ್ತಿದೆ. ಗುಂ ಅಂತ ಬೇಸ್ ಬಂತು. ಬೆರಳು ಬಿಟ್ಟೆ, ಹೋಯ್ತು. ಟೋಪಿ ಕಿವಿಯ ಗೋಡೆಗೆ ಸುತ್ತಲೂ ಕೂರದೆ ಒಂದು ಕಡೆ ಸಂದಿ ಇದ್ದರೂ ಸಾಕು, ಬೇಸ್ ಅಲ್ಲಿಂದ ಸೋರಿಹೋಗುತ್ತೆ. ಎಡಕ್ಕೆ ದೊಡ್ಡ ಟೋಪಿ ಹಾಕಿದೆ, ಬಲಕ್ಕೆ ಮಧ್ಯಮದ್ದೇ ಬಿಟ್ಟೆ. ನನ್ನ ಎರಡು ಕಿವಿ ಒಂದೇ ಅಳತೆಯವಲ್ಲ ಅಂತ ಮೂವತ್ತಾರನೇ ವರ್ಷದಲ್ಲಿ ಗೊತ್ತಾಯ್ತು. ಹಾಕಿಕೊಂಡು ಒಮ್ಮೆ ಬಾಯಿ ಅಗಲವಾಗಿ ತೆರೆದು ಮುಚ್ಚಿ ನೋಡಿ. ಆಗಲೂ ಬೇಸ್ ಅಲ್ಲೇ ಇದ್ದರೆ ಟೋಪಿ ಸರಿ ಕೂತಿದೆ ಅಂತ ಲೆಕ್ಕ. ಅಂದ ಹಾಗೆ ಇವೆಲ್ಲದರ ವೈರೂ ಕಿವಿಯ ಮೇಲಿನಿಂದ ಸುತ್ತಿ ಹಿಂದೆ ಇಳಿಯಬೇಕು. ಕನ್ನಡಕದವರಿಗೆ ಮೊದಲ ವಾರ ಕಿರಿಕಿರಿ, ಆಮೇಲೆ ಅಭ್ಯಾಸ.

ಟೋಪಿ ಸರಿಯಾದ ಮೇಲೆ ಝೀರೋ ಬೇರೆಯೇ ಆಯ್ತು. ಪ್ಲಾಸ್ಟಿಕ್ ಮೈ, ಮೇಲೊಂದು ಸ್ಟೀಲ್ ತಗಡು, ತೂಕ ಇಲ್ಲವೇ ಇಲ್ಲ. ಒಳಗೆ 10 ಮಿಲಿಮೀಟರಿನ ಒಂದೇ ಡ್ರೈವರ್, ಅಂದರೆ ಶಬ್ದ ಹೊರಡಿಸುವ ಪುಟ್ಟ ಸ್ಪೀಕರ್. ಶಬ್ದ ಗುಡಿಸಿ ಒರೆಸಿದ ಜಗಲಿಯ ಹಾಗೆ. ಮದ್ದಳೆ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಬಿಡಿಬಿಡಿಯಾಗಿ ಕೇಳುತ್ತೆ. ತಂಬೂರಿಯ ತಂತಿಗಳನ್ನು ಎಣಿಸಬಹುದು. ಮನೆಯಲ್ಲಿ, ರಾತ್ರಿ, ಫ್ಯಾನ್ ಆರಿಸಿ ಕೇಳಿದರೆ ನಾಲ್ಕರಲ್ಲಿ ಇದೇ ಮೊದಲು ಅಂತ ಈಗಲೂ ಹೇಳ್ತೀನಿ. ಆದರೆ ನಾನು ಕೇಳುವುದು ಬಸ್ಸಿನಲ್ಲಿ. ಇಂಜಿನ್ನಿನ ಗುರುಗುಟ್ಟುವಿಕೆ ಇರುವುದೇ ಬೇಸ್ ಇರುವ ಜಾಗದಲ್ಲಿ, ಅದು ಝೀರೋದ ತೆಳು ಬೇಸನ್ನು ಪೂರ್ತಿ ನುಂಗಿತು. ಉಳಿದಿದ್ದು ಬರೀ ಮೇಲಿನ ಚರಚರ.

ಕಡಿಮೆ ಶಬ್ದದಲ್ಲಿ ಕೇಳುವವರಿಗೂ ಹೀಗೇ ಆಗುತ್ತೆ. ಶಬ್ದ ತಗ್ಗಿಸಿದಷ್ಟೂ ನಮ್ಮ ಕಿವಿಗೆ ಬೇಸ್ ಬೇಗ ಮಂಕಾಗುತ್ತೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದು ಇದು. ಹಾಗಾಗಿ ಮೆಲ್ಲಗೆ ಕೇಳುವವರು ಕಾಗದದ ಮೇಲೆ ಸ್ವಲ್ಪ ಬೇಸ್ ಜಾಸ್ತಿ ಅನ್ನಿಸುವುದನ್ನೇ ತಗೊಂಡರೆ ಒಳ್ಳೆಯದು.

ಚು 2 ಬೇರೆ ಜಾತಿ. ಲೋಹದ ಮೈ, ಮೇಲೆ ಎಲೆಯ ಚಿತ್ರ, ಬೆಳಿಗ್ಗೆ ಕಿವಿಗಿಟ್ಟರೆ ತಣ್ಣಗೆ ಕೊರೆಯುತ್ತೆ. 2022ರ ಮೊದಲನೇ ಚುಗೆ ವೈರ್ ಬಿಚ್ಚುವ ಹಾಗಿರಲಿಲ್ಲ, ಮರುವರ್ಷ ಬಂದ ಇದರಲ್ಲಿ ಬಿಚ್ಚಬಹುದು. ಈಗಿನ ಸಿನಿಮಾ ಹಾಡಿಗೆ ಇದನ್ನು ಬಿಟ್ಟರೆ ಇಲ್ಲ. ಆಳದ ಬೇಸ್ ಝೀರೋಗಿಂತ ಜಾಸ್ತಿ, ಆದರೂ ಹಾಡುವವರ ಮೇಲೆ ಬೀಳಲ್ಲ. ಕದ್ರಿಯವರ ಸ್ಯಾಕ್ಸೋಫೋನಿನಲ್ಲಿ ಉಸಿರು ತಗೊಂಡಿದ್ದೂ ಕೇಳಿಸಿತು.

ಯಕ್ಷಗಾನ ಹಾಕಿದೆ. ಭಾಗವತರು ಏರು ಸ್ವರಕ್ಕೆ ಹೋದ ಕೂಡಲೇ ನನ್ನ ಕೈ ತಾನಾಗಿ ವಾಲ್ಯೂಮ್ ಇಳಿಸಿತು. ಯಾಕೆ ಹೀಗೆ ಅಂತ ಹೇಳಬೇಕು. ಎದುರು ಕೂತು ಹಾಡಿದ್ದನ್ನು ಕೇಳುವಾಗ ನಮ್ಮ ಹೊರಗಿವಿ, ಕಿವಿಯ ಕೊಳವೆ ಸೇರಿ 3 ಸಾವಿರ ಹರ್ಟ್ಜ್‌ನ ಸುತ್ತಮುತ್ತ ಶಬ್ದವನ್ನು ತಾವೇ ಹಿಗ್ಗಿಸುತ್ತವೆ. ಕಿವಿಯೊಳಗೇ ತುರುಕಿದ ಇಯರ್‌ಫೋನಿಗೆ ಆ ಸಹಾಯ ಅಷ್ಟಾಗಿ ಸಿಗಲ್ಲ, ಅದಕ್ಕೆ ತಯಾರಿಸುವವರೇ ಅಲ್ಲಿ ಒಂದು ದಿಬ್ಬ ಇಡುತ್ತಾರೆ. ದಿಬ್ಬ ತಗ್ಗಾದರೆ ಹಾಡುವವರು ಕೋಣೆಯ ಆಚೆ ಹೋದ ಹಾಗೆ. ಎತ್ತರವಾದರೆ ಕಿವಿಯ ಹತ್ತಿರ ಬಂದು ಕೂಗಿದ ಹಾಗೆ. ಭಾಗವತರ ಕಂಠದ ಚೂಪೆಲ್ಲ ಸರಿಯಾಗಿ ಆ ದಿಬ್ಬದ ಮೇಲೇ ಬಂದು ನಿಲ್ಲುತ್ತೆ. ಮೆಲ್ಲಗಿನ ಹೆಣ್ಣುದನಿಯ ಹಾಡಿಗೆ ಚು 2ರ ದಿಬ್ಬ ಚೆಂದವೇ. ನನ್ನ ಗೆಳೆಯ ಕೇಳುವುದು ಅಂಥದ್ದನ್ನೇ, ಅವನಿಗೆ ಇದರ ಮೇಲೆ ಒಂದು ದೂರೂ ಇಲ್ಲ.

ಕೆಝಡ್ ಹಾಕಿಕೊಂಡಾಗ ಮೊದಲ ಐದು ನಿಮಿಷ ಹಬ್ಬ. ಇದರಲ್ಲಿ ಬೇಸಿಗೆ ಒಂದು ಡ್ರೈವರ್, ಮೇಲಿನ ಸ್ವರಗಳಿಗೆ ಇನ್ನೊಂದು ಬಗೆಯ ಪುಟ್ಟ ಡ್ರೈವರ್. ಕೆಳಗೂ ಜೋರು, ಮೇಲೂ ಜೋರು, ನಡುವೆ ತಗ್ಗು. ಗ್ರಾಫಿನಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತೆ, ಅದಕ್ಕೆ ವಿ ಶೇಪ್ ಅಂತಾರೆ. ಡೊಳ್ಳು, ತಮಟೆ ಇರುವ ಕುಣಿತದ ಹಾಡಿಗೆ ಮಜಾ ಬರುತ್ತೆ. ಚಂಡೆಗೂ ಇದೇ ಸರಿ ಅಂದುಕೊಂಡಿದ್ದೆ. ಚಂಡೆ ಪೀಠಿಕೆ ಶುರುವಾಗಿ ಅರ್ಧ ನಿಮಿಷಕ್ಕೆ ಕೋಲಿನ ಒಂದೊಂದು ಪೆಟ್ಟೂ ಹಲ್ಲಿನ ಸಂದಿಗೆ ಬಡಿದಂತಾಯ್ತು. ಹಾಡಿನಲ್ಲಿ ಸ, ಶ, ಚ ಬಂದಲ್ಲೆಲ್ಲ ಸೂಜಿ. ಮನ್ಸೂರರ ರೆಕಾರ್ಡಿಂಗಿನಲ್ಲಿ ಟೇಪಿನ ಸುಯ್ ಅನ್ನುವ ಸದ್ದು ಮುಂದೆ ಬಂತು, ಅವರು ಅದರ ಹಿಂದೆ ಹಾಡುತ್ತಿದ್ದರು. ಇದು ನನ್ನ ಕಿವಿಯ ಮಾತು. ಚಿಕ್ಕಪ್ಪನ ಮಗನಿಗೆ ಇಪ್ಪತ್ತೆರಡು, ಅವನಿಗೆ ಝೀರೋ ಕೊಟ್ಟರೆ "ಅಣ್ಣ, ಇದು ಹಾಳಾಗಿದ್ಯಾ?" ಅಂತ ಕೇಳಿದ. ಒಂದು ಸಣ್ಣ ವಿಷಯ: ಕೆಝಡ್‌ನ ವೈರಿನ ಪಿನ್ 0.75 ಮಿಲಿಮೀಟರ್, ಇಯರ್‌ಫೋನಿನ ಕಡೆ ಉಬ್ಬಿದ ಸಾಕೆಟ್. ಉಳಿದ ಮೂರಕ್ಕೆ 0.78. ಒಂದರ ವೈರ್ ಇನ್ನೊಂದಕ್ಕೆ ತುರುಕಲು ಹೋಗಬೇಡಿ.

ಇಷ್ಟೆಲ್ಲ ಆದ ಮೇಲೆ ಈಕ್ವಲೈಜರಿನ ಆ ಎರಡು ಗುಂಡಿ ನೆನಪಾಗಿದ್ದು. ಬೆಚ್ಚಗಿನದ್ದು ಯಾವುದು ಅಂತ ಹುಡುಕಿದಾಗ ವಾನರ್ ಸಿಕ್ಕಿತು. ಟಾಂಗ್ ದೊರೆಗಳ ಕಾಲದಲ್ಲಿ ಶಾಂಗ್‌ಗುವಾನ್ ವಾನರ್ ಅಂತ ಒಬ್ಬ ಕವಯಿತ್ರಿ ಇದ್ದಳು, ಸಾಮ್ರಾಜ್ಞಿ ವೂ ಆಸ್ಥಾನದಲ್ಲಿ ಬರವಣಿಗೆಯ ಕೆಲಸ ನೋಡಿಕೊಳ್ಳುತ್ತಿದ್ದಳು. ಅವಳ ಹೆಸರು. ಇಯರ್‌ಫೋನಿಗೆ ಕವಯಿತ್ರಿಯ ಹೆಸರಿಡುವವರು ಒಬ್ಬರಾದರೂ ಇದ್ದಾರಲ್ಲ ಅಂತ ಅರ್ಧ ಅದಕ್ಕೇ ತಗೊಂಡೆ.

ಇದೂ 10 ಮಿಲಿಮೀಟರಿನ ಒಂದೇ ಡ್ರೈವರ್. ಝೀರೋ ಪಕ್ಕ ಇಟ್ಟರೆ ಮೊದಲಿಗೆ ಮಬ್ಬು ಅನಿಸುತ್ತೆ, ಕಿಟಕಿಗೆ ತೆಳು ಪರದೆ ಹಾಕಿದ ಹಾಗೆ. ತಂಬೂರಿಯ ತಂತಿ ಎಣಿಸಲು ಆಗಲ್ಲ. ಸ್ಯಾಕ್ಸೋಫೋನಿನ ಉಸಿರೂ ಇಲ್ಲ. ಆದರೆ ಕಂಠ ಇದೆ. ಭಾಗವತರು ಏರಿದಾಗಲೂ ಕಂಠ ಸೀಳಲಿಲ್ಲ, ತುಂಬಿಕೊಂಡೇ ಇತ್ತು. ಮದ್ದಳೆಯ ಪೆಟ್ಟಿನ ಹಿಂದೆ ಉಳಿಯುವ ಆ ಸಣ್ಣ ಗುಂಗು ಇತ್ತು. ಚಂಡೆ ರಂಗಸ್ಥಳದ ಬದಿಯಲ್ಲಿ ಇರಬೇಕಾದ ಜಾಗದಲ್ಲೇ ನಿಂತಿತ್ತು. ನಾವು ಕೇಳುವ ಯಕ್ಷಗಾನ ಹೆಚ್ಚಿನದ್ದು ಯಾರೋ ಫೋನಿನಲ್ಲಿ ಹಿಡಿದದ್ದು, ಮೈಕಿನ ಕಿರುಚಾಟ ಸೇರಿದ್ದು. ಅಂಥದ್ದನ್ನೂ ವಾನರ್ ಸಹಿಸಿಕೊಳ್ಳುತ್ತೆ. ಬಸ್ಸಿನ ಗಲಾಟೆಯಲ್ಲೂ ಬೇಸ್ ಉಳಿಯುತ್ತೆ. ನೂರು ಗಂಟೆ ಸುಮ್ನೆ ಹಾಡಿಸಿಟ್ಟರೆ ಇಯರ್‌ಫೋನ್ ಪಳಗುತ್ತೆ ಅಂತ ಕೆಲವರು ಹೇಳ್ತಾರೆ. ನನಗಂತೂ ಪಳಗಿದ್ದು ನನ್ನ ಕಿವಿಯೇ ಅನಿಸಿತು, ನಾಲ್ಕನೇ ದಿನಕ್ಕೆ ಮಬ್ಬು ಹೋಗಿತ್ತು. ಈಗ ಚೀಲದಲ್ಲಿ ಇರುವುದು ಇದೇ. ಝೀರೋ ಮನೆಯ ಮೇಜಿನ ಮೇಲೆ.

ಫೋನಿಗೆ 3.5 ಮಿಲಿಮೀಟರಿನ ತೂತು ಇಲ್ಲದವರು ಡಾಂಗಲ್‌ಗೆ, ಅಂದರೆ ಚಾರ್ಜರ್ ತೂತಿಗೆ ಸಿಕ್ಕಿಸಿ ಇಯರ್‌ಫೋನ್ ಜೋಡಿಸುವ ತುಂಡು ವೈರಿಗೆ, ಐನೂರರಷ್ಟು ಎತ್ತಿಡಿ. ಒಳಗೆ ಚಿಪ್ ಇರುವುದನ್ನೇ ಕೇಳಿ ತಗೊಳ್ಳಿ, ಬರೀ ವೈರಿನವು ಎಲ್ಲ ಫೋನಿಗೂ ಆಗಲ್ಲ.

ಕಳೆದ ಸಲ ಊರಿಗೆ ಹೋಗುವಾಗ ನಾಲ್ಕನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ಅಪ್ಪನಿಗೆ ಎಪ್ಪತ್ತೊಂದು. ಟಿವಿಯ ಶಬ್ದ ವರ್ಷದಿಂದ ವರ್ಷಕ್ಕೆ ಏರುತ್ತಾ ಇದೆ. ಜಗಲಿಯಲ್ಲಿ ಕೂರಿಸಿ, ಯಕ್ಷಗಾನ ಹಚ್ಚಿ, ಮೊದಲು ವಾನರ್ ಹಾಕಿದೆ, ಇದೇ ಹಿಡಿಸುತ್ತೆ ಅನ್ನುವ ಧೈರ್ಯದಲ್ಲಿ. ತಲೆಯಾಡಿಸಿದರು, ಏನೂ ಹೇಳಲಿಲ್ಲ. ಝೀರೋ, "ಅಡ್ಡಿಲ್ಲ." ಚು 2, "ಭಾರ." ಕೊನೆಗೆ ಸುಮ್ನೆ ಇರಲಿ ಅಂತ ಕೆಝಡ್ ಹಾಕಿದೆ. ಸ್ವಲ್ಪ ಹೊತ್ತಿಗೆ ಅವರ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕಲು ಶುರುಮಾಡಿತು.

"ಇದ್ರಲ್ಲಿ ತಾಳ ಕೇಳ್ತದೆ ಮಾರಾಯ," ಅಂದರು, ಕಿವಿಯಲ್ಲಿ ಅದು ಇದ್ದಿದ್ದಕ್ಕೆ ತುಂಬಾ ಜೋರಾಗಿ. "ಉಳಿದದ್ರಲ್ಲಿ ತಾಳವೇ ಇಲ್ಲ ಅಲ್ವಾ?"

ಭಾಗವತರ ಕೈಯ ತಾಳದ ಸದ್ದು ನಾಲ್ಕರಲ್ಲೂ ಇತ್ತು. ವಯಸ್ಸಾದಂತೆ ಕಿವಿಯಿಂದ ಮೊದಲು ಹೋಗುವುದು ಮೇಲಿನ ಸ್ವರಗಳೇ. ನನಗೆ ಸೂಜಿ ಚುಚ್ಚಿದ ಜಾಗದಲ್ಲಿ ಅವರಿಗೆ ಎಷ್ಟೋ ವರ್ಷದಿಂದ ಕೇಳದ ಝಣ್ ಸಿಕ್ಕಿತ್ತು. ಪ್ರಸಂಗ ಮುಗಿಯುವವರೆಗೆ ತೆಗೆಯಲಿಲ್ಲ. ಅಮ್ಮ ಊಟಕ್ಕೆ ಎರಡು ಸಲ ಕರೆದಳು.

ಚಿಕ್ಕಪ್ಪನ ಮಗನಿಗೆ ಹೊಸದೊಂದು ಆರ್ಡರ್ ಮಾಡಿದ್ದೀನಿ. ಅದೇ ಮಾಡೆಲ್, ಬಣ್ಣ ಮಾತ್ರ ಬೇರೆ.