30 ವರ್ಷದ ಸಾಲ ಅಂದವರು 5ನೇ ವರ್ಷಕ್ಕೆ ಪೂರ್ತಿ ಅಸಲು ಕೇಳಿದರು

ಬಾಡಿಗೆ ಮನೆಗಳ ಮೇಲೆ ದೀರ್ಘಾವಧಿ ಸಾಲ ತೆಗೆಯಲು ಹೊರಟಿದ್ದೀರಾ? ಸಹಿ ಹಾಕುವ ಮುಂಚೆ ಇದನ್ನು ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ನಾಲ್ಕು ಮನೆಗಳ ಬೇರೆ ಬೇರೆ ಸಾಲವನ್ನು ಒಂದೇ ಸಾಲಕ್ಕೆ ತಂದು, ಮೇಲೆ ಸಿಗುವ ದುಡ್ಡಲ್ಲಿ ಐದನೆಯದಕ್ಕೆ ಮುಂಗಡ ಕೊಡೋಣ ಅಂತ ಲೆಕ್ಕ ಹಾಕಿದ್ದೆ. ಸಾಲ ಕೊಡುವ ಕಂಪನಿಯವರು ಮುಂದಿಟ್ಟ ಹಾಳೆಯಲ್ಲಿ ದಪ್ಪಕ್ಷರದಲ್ಲಿ '30 ವರ್ಷ' ಅಂತಿತ್ತು. ಕಂತು ಕಮ್ಮಿ. ಬಾಡಿಗೆ ಕಂತಿನ 1.25 ಪಟ್ಟು ಇರಬೇಕು ಅಂದರು, ಇತ್ತು. ನಾನು ಬಾಯಿಬಿಟ್ಟು ಕೇಳಿದ್ದೆ, "ಮಧ್ಯೆ ಬೇರೇನೂ ಕಟ್ಟೋದಿಲ್ಲ ಅಲ್ವಾ?" "ಕಂತು ಕಟ್ಕೊಂಡು ಹೋಗಿ, ನಿಶ್ಚಿಂತೆಯಾಗಿರಿ" ಅಂದರು. ಹೀಗೇ ಅಂದರು!

ಐದನೇ ವರ್ಷ ಪತ್ರ ಬಂತು. ಉಳಿದ ಅಸಲನ್ನೆಲ್ಲ ಒಂದೇ ಸಲಕ್ಕೆ ಕಟ್ಟಬೇಕಂತೆ. ಬೇರೆ ಯಾರದ್ದೋ ಪತ್ರ ಇರಬೇಕು ಅಂತ ಹೆಸರು, ಖಾತೆ ನಂಬರ್ ಎರಡೆರಡು ಸಲ ನೋಡಿದೆ. ನನ್ನದೇ. ಫೈಲ್ ತೆಗೆದರೆ ಒಳಗಿನ ಪುಟದಲ್ಲಿ ಸಣ್ಣಕ್ಷರದಲ್ಲಿ ಇದೆ: ಕಂತಿನ ಲೆಕ್ಕ 30 ವರ್ಷಕ್ಕೆ, ಸಾಲದ ಅವಧಿ 5 ವರ್ಷ. ಹೀಗೆ ಅವಧಿ ಮುಗಿದಾಗ ಒಂದೇ ಸಲಕ್ಕೆ ಕಟ್ಟಬೇಕಾದ ದೊಡ್ಡ ಮೊತ್ತಕ್ಕೇ ಬಲೂನ್ ಪೇಮೆಂಟ್ ಅನ್ನುತ್ತಾರೆ. ಶೇ. 7 ಬಡ್ಡಿಯಲ್ಲಿ 30 ವರ್ಷದ ಕಂತು ಕಟ್ಟಿದರೆ ಮೊದಲ 5 ವರ್ಷದಲ್ಲಿ ಅಸಲು ಕರಗೋದು ಹತ್ತಿರಹತ್ತಿರ ಶೇ. 6 ಅಷ್ಟೇ. ಉಳಿದ ಶೇ. 94 ಹಾಗೇ ಕೂತಿರುತ್ತದೆ. ಒಂದು ಕಂತೂ ತಪ್ಪಿಸಿರಲಿಲ್ಲ, ಒಂದೂ.

ಫೋನ್ ಮಾಡಿದೆ. "ಡಾಕ್ಯುಮೆಂಟಲ್ಲಿ ಎಲ್ಲಾ ಇದೆಯಲ್ಲ." ನೀವು ಹೇಳಿದ್ದು ಬೇರೆ ಅಂದೆ. "ಎಲ್ಲರೂ ರೀಫೈನಾನ್ಸ್ ಮಾಡ್ಕೋತಾರೆ, ನೀವೂ ಮಾಡ್ಕೊಳ್ಳಿ." ಅಂದರೆ ಹೊಸ ಸಾಲ ತೆಗೆದು ಇದನ್ನು ತೀರಿಸಬೇಕಂತೆ. ಈಗಿನ ಬಡ್ಡಿಗೆ ಕಂತು ಏರುತ್ತದೆ, ಅದೇ ಬಾಡಿಗೆ ಅವರದೇ 1.25ಕ್ಕೆ ಮುಟ್ಟೋದಿಲ್ಲ! ಹೋಗಲಿ, ಒಂದು ಮನೆ ಮಾರಿ ಕಟ್ಟುತ್ತೇನೆ ಅಂದರೆ "ಆಗಲ್ಲ, ನಾಲ್ಕೂ ಸೇರಿ ಒಂದೇ ಅಡಮಾನ." ಅಂದರೆ ಒಂದನ್ನು ಬಿಡಿಸಿಕೊಳ್ಳುವ ಷರತ್ತೇ ಪತ್ರದಲ್ಲಿಲ್ಲ. ಸಾಲ ಕೊಡುವಾಗ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವರು ಈಗ ಎತ್ತುವುದೇ ಇಲ್ಲ.

ಕಂತು ಎಷ್ಟು ವರ್ಷಕ್ಕೆ, ಸಾಲ ಎಷ್ಟು ವರ್ಷಕ್ಕೆ ಅಂತ ಬೇರೆ ಬೇರೆಯಾಗಿ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಕೊನೆಯ ಕಂತಿನ ಮೊತ್ತ ಎಷ್ಟು ಅಂತ ಕಂತುಗಳ ಪಟ್ಟಿಯ ಕಡೇ ಸಾಲು ನೋಡಿ. ಒಂದೊಂದು ಮನೆ ಬಿಡಿಸಿಕೊಳ್ಳಲು ಷರತ್ತು ಇಲ್ಲದಿದ್ದರೆ ಎಲ್ಲಾ ಮನೆಗಳನ್ನೂ ಒಟ್ಟಿಗೆ ಅಡ ಇಡಲೇಬೇಡಿ. ಅವಧಿಯ ಬಗ್ಗೆ ಕೇಳಿದಾಗ "ಅದೆಲ್ಲ ಫಾರ್ಮಾಲಿಟಿ" ಅಂದರೆ ಅಲ್ಲಿಂದ ಎದ್ದು ಬನ್ನಿ.